ಗುಡ್ಡ ಹತ್ತಿ ಕಳೆದುಕೊಂಡ ಕೆಲಸ

ನನ್ನನ್ನು ಕೆಲಸದಿಂದ ತೆಗೆದದ್ದು ಎರಡು ಕಂತಿನಲ್ಲಿ. ಮೊದಲನೆಯದು ಮನೆಯ ಜಗಲಿಯಲ್ಲಿ, ಎರಡನೆಯದು ಮನೆ ಹಿಂದಿನ ಗುಡ್ಡದ ತಲೆಯಲ್ಲಿ, ಕೊಡೆ ಹಿಡಿದು ನಿಂತು.

2023ರ ಜುಲೈ 18, ಮಂಗಳವಾರ. ಆ ವರ್ಷ ಮುಂಗಾರು ತಡ. ಜೂನ್ ಪೂರ್ತಿ ಆಟ ಆಡಿಸಿ, ಪುನರ್ವಸು ಮಳೆ ಮುಗಿಯುವ ಹೊತ್ತಿಗೆ ಒಮ್ಮೆಲೇ ಹಿಡಿದುಕೊಂಡಿತ್ತು. ತೀರ್ಥಹಳ್ಳಿಯಿಂದ ಹದಿನಾರು ಕಿಲೋಮೀಟರ್ ಒಳಗಿರುವ ನಮ್ಮ ಮನೆಗೆ ನಾನು ಬಂದಿದ್ದು ಅಡಿಕೆಗೆ ಔಷಧಿ ಹೊಡೆಸಲು. ಔಷಧಿ ಅಂದರೆ ಬೋರ್ಡೋ: ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ, ನೂರು ಲೀಟರ್ ನೀರು. ಇದು ತಪ್ಪಿದರೆ ಕೊಳೆ ಬಂದು ಎಳೆಕಾಯಿ ಉದುರಿ ಮರದ ಬುಡ ಹಸಿರಾಗುತ್ತದೆ. ಅಪ್ಪಯ್ಯನ ಕಣ್ಣಿಗೆ ಪೊರೆ ಬಂದು ಎರಡು ವರ್ಷವಾಗಿತ್ತು. ತಕ್ಕಡಿಯ ಮುಳ್ಳು ಕಾಣದೆ ಹಿಂದಿನ ವರ್ಷ ಸುಣ್ಣ ಹೆಚ್ಚಾಗಿತ್ತಂತೆ. ಒಂದು ವಾರ ಮನೆಯಿಂದಲೇ ಕೆಲಸ ಮಾಡುತ್ತೇನೆ ಅಂತ ಆಫೀಸಿಗೆ ತಿಳಿಸಿ, ಹೆಂಡತಿ ಮಗಳನ್ನು ಬೆಂಗಳೂರಲ್ಲೇ ಬಿಟ್ಟು ಬಂದಿದ್ದೆ. ಹೊಳವು ಸಿಕ್ಕರೆ ಔಷಧಿ, ಮಳೆ ಬಂದರೆ ಲ್ಯಾಪ್‌ಟಾಪ್.

ಹನ್ನೊಂದೂವರೆಗೆ ಹದಿನೈದು ನಿಮಿಷದ ಮೀಟಿಂಗ್ ಅಂತ ಬೆಳಿಗ್ಗೆ ಕ್ಯಾಲೆಂಡರಿನಲ್ಲಿ ಬಂದು ಕೂತಿತ್ತು. ಹೆಸರು 'ಕ್ವಿಕ್ ಸಿಂಕ್'. ಕರೆದವನು ನನ್ನ ಮ್ಯಾನೇಜರ್, ಜೊತೆಗೆ ನಾನು ಯಾವತ್ತೂ ನೋಡದ ಎಚ್‌ಆರ್ ಹುಡುಗಿಯೊಬ್ಬಳು. ಆ ಜನವರಿಯಲ್ಲಿ ಗೂಗಲ್ 12,000, ಮೈಕ್ರೋಸಾಫ್ಟ್ 10,000 ಜನರನ್ನು ತೆಗೆಯುತ್ತೇವೆ ಅಂತ ಸಾರಿದಾಗ ಕ್ಯಾಂಟೀನಿನಲ್ಲಿ ಕಾಫಿ ಕುಡಿಯುತ್ತಾ, ದೊಡ್ಡಮನೆ ಸುದ್ದಿ ನಮಗೇಕೆ ಅಂದಿದ್ದವನು ಇದೇ ಮ್ಯಾನೇಜರ್. ಈಗ ಅವನ ಕ್ಯಾಮೆರಾ ಆನ್ ಆಗಿತ್ತು. ಒಂಬತ್ತು ವರ್ಷದಲ್ಲಿ ಅವನು ತಾನಾಗಿ ಕ್ಯಾಮೆರಾ ಹಾಕಿದ್ದು ಕಡಿಮೆ. ಆಗಲೇ ಹೊಟ್ಟೆಯೊಳಗೆ ಏನೋ ಕದಲಿತು. ಆ ಹುಡುಗಿ ಇಂಗ್ಲಿಷಿನಲ್ಲಿ ಬರೆದಿಟ್ಟುಕೊಂಡಿದ್ದನ್ನು ಓದುತ್ತಿದ್ದಳು. "ಯುವರ್ ರೋಲ್ ಹ್ಯಾಸ್ ಬೀನ್ ಇಂಪ್ಯಾ" ಅನ್ನುವವರೆಗೆ ಕೇಳಿತು. ಕರೆಂಟ್ ಹೋಯಿತು.

ಉಳಿದರ್ಧ ಕೇಳಲಿಕ್ಕೆ ನಾನೇ ಗುಡ್ಡ ಹತ್ತಬೇಕಾಯಿತು. ನಮ್ಮಲ್ಲಿ ಕರೆಂಟ್ ಇಲ್ಲದಾಗ ಮೊಬೈಲಿಗೆ ಸಿಗ್ನಲ್ ಸಿಗುವುದು ಹಕ್ಕಲು ದಾಟಿ ಮೇಲೆ ಹೋದರೆ ಒಂದು ಹಳೇ ನೇರಳೆ ಮರವಿದೆ, ಅದರ ಬುಡದಲ್ಲಿ ಮಾತ್ರ. ಕೊರೋನಾ ಕಾಲದಲ್ಲಿ ಊರಿನ ಮಕ್ಕಳೆಲ್ಲ ಅಲ್ಲೇ ತಾಡಪಾಲು ಕಟ್ಟಿಕೊಂಡು ಆನ್‌ಲೈನ್ ಪಾಠ ಕೇಳಿದ್ದು. ಹತ್ತು ನಿಮಿಷದ ಏರು. ಏದುಸಿರಿನಲ್ಲೇ ಫೋನ್ ಮಾಡಿದೆ, "ಸಾರಿ, ಪವರ್ ಕಟ್" ಅಂದೆ. ನನ್ನನ್ನು ತೆಗೆಯುವವರಿಗೆ ನಾನೇ ಸಾರಿ ಕೇಳಿದೆ ಅನ್ನುವುದು ಹೊಳೆದದ್ದು ರಾತ್ರಿ ಮಲಗಿದ ಮೇಲೆ.

ಮಾತಿನ ಸಾರ ಇಷ್ಟು. ಗುರುವಾರ ಸಂಜೆಯೊಳಗೆ ಪೋರ್ಟಲಿಗೆ ಹೋಗಿ ನಾನೇ ರಾಜೀನಾಮೆ ಒತ್ತಬೇಕು. ಒತ್ತಿದರೆ ಎರಡು ತಿಂಗಳ ನೋಟಿಸ್ ಸಂಬಳ, ಅದರ ಮೇಲೆ ಇನ್ನೆರಡು ತಿಂಗಳ ಸಂಬಳ, ಒಳ್ಳೆಯ ರಿಲೀವಿಂಗ್ ಲೆಟರ್. ಒತ್ತದಿದ್ದರೆ ಟರ್ಮಿನೇಷನ್ ಪತ್ರ, ನೋಟಿಸ್ ಸಂಬಳ ಮಾತ್ರ. ಸಂಜೆ ಆರಕ್ಕೆ ಲ್ಯಾಪ್‌ಟಾಪ್ ಬಂದ್. "ಡು ಯು ಹ್ಯಾವ್ ಎನಿ ಕ್ವೆಶ್ಚನ್ಸ್?" ಅಂತ ಕೇಳಿದಾಗ ನನ್ನ ಗಮನವೆಲ್ಲ ಬಲಗಾಲಿನ ಹೆಬ್ಬೆರಳ ಸಂದಿಯಲ್ಲಿತ್ತು. ಅಲ್ಲಿ ಉಂಬಳವೊಂದು ಹಿಡಿದು ಹೆಸರುಬೇಳೆಯಷ್ಟಿದ್ದದ್ದು ಹುಣಸೆಬೀಜದಷ್ಟಾಗಿತ್ತು. ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಫೋನು. ಕೀಳಲು ಕೈ ಇರಲಿಲ್ಲ. "ನೋ ಕ್ವೆಶ್ಚನ್ಸ್" ಅಂದೆ.

ಅಲ್ಲಿಂದಲೇ ಹೆಂಡತಿಗೆ ಫೋನ್ ಮಾಡಿದೆ. ಅವಳು ಬ್ಯಾಂಕಿನಲ್ಲಿ ಕೆಲಸ ಮಾಡುವವಳು, ಕಾಗದ ಓದದೆ ಸಹಿ ಹಾಕುವವರನ್ನು ದಿನಾ ನೋಡುವವಳು. ಅಳಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. "ಏನನ್ನೂ ಒತ್ತಬೇಡಿ. ಲೆಟರ್ ನನಗೆ ಕಳಿಸಿ. ಮಾವನವರಿಗೆ ಇವತ್ತೇ ಹೇಳಿ" ಅಂದಳು. ಮೊದಲ ಎರಡನ್ನು ಪಾಲಿಸಿದೆ.

ಮಳೆ ಒಂದು ಉಪಕಾರ ಮಾಡಿತು. ಆ ರಾತ್ರಿ ಎಲ್ಲೋ ಮರ ಬಿದ್ದು ಲೈನ್ ಹೋಗಿ ಎರಡು ದಿನ ಕರೆಂಟಿಲ್ಲ. ಒತ್ತಬೇಕೆಂದರೂ ಒತ್ತಲಾಗದ ಸ್ಥಿತಿ. ಗುರುವಾರದ ಗಡುವನ್ನು ಸೋಮವಾರಕ್ಕೆ ಹಾಕಿಸಿಕೊಂಡೆ, ಕಾರಣ ಸುಳ್ಳೂ ಆಗಿರಲಿಲ್ಲ. ಆ ಎರಡು ದಿನ ಪತ್ರವನ್ನು ಮೊಬೈಲಿನಲ್ಲೇ ಹಿಗ್ಗಿಸಿ ಹಿಗ್ಗಿಸಿ ಓದಿದೆ. 'ಒಟ್ಟು ಪರಿಹಾರ' ಅಂತ ಒಂದು ದೊಡ್ಡ ಮೊತ್ತ, ಅದರ ಹೊಟ್ಟೆಯೊಳಗೆ 3,37,500 ಗ್ರಾಚ್ಯುಟಿ. ಹೆಂಡತಿ ಹಿಡಿದದ್ದು ಇದನ್ನೇ. ಗ್ರಾಚ್ಯುಟಿ ಕಂಪನಿ ಕೊಡುವ ಪರಿಹಾರವಲ್ಲ. ಐದು ವರ್ಷ ಸತತ ಸೇವೆ ಮಾಡಿದವರಿಗೆ ಆಗ ಜಾರಿಯಲ್ಲಿದ್ದ 1972ರ ಕಾಯ್ದೆಯಂತೆ ಬರಲೇಬೇಕಿದ್ದ ಹಣ. ರಾಜೀನಾಮೆ ಕೊಟ್ಟರೂ ಬರುತ್ತದೆ, ತೆಗೆದುಹಾಕಿದರೂ ಬರುತ್ತದೆ. ನಮ್ಮ ದುಡ್ಡನ್ನೇ ನಮಗೆ ಉಡುಗೊರೆ ಅಂತ ಕೊಡುತ್ತಿದ್ದರು.

ಇನ್ನೊಂದನ್ನು ನಾನು ಹಿಡಿದೆ, ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡಿ ಸವೆದ ತಲೆ ಅಲ್ಲಿ ಕೆಲಸಕ್ಕೆ ಬಂತು. ನನ್ನ ಮೂಲ ವೇತನ 65,000. ಲೆಕ್ಕ ಹಾಕುವಾಗ ತಿಂಗಳಿಗೆ 26 ದಿನ, ಅಂದರೆ ದಿನಕ್ಕೆ 2,500. ವರ್ಷಕ್ಕೆ ಹದಿನೈದು ದಿನದಂತೆ 37,500. ನಾನು ಸೇರಿದ್ದು 2014ರ ಮಾರ್ಚ್ 10. ಅವರು ಜುಲೈ 18ಕ್ಕೇ ಕೊನೆಯ ದಿನ ಮಾಡಿ ನೋಟಿಸಿನ ಎರಡು ತಿಂಗಳನ್ನು ಹಣವಾಗಿ ಕೊಡುತ್ತೇವೆ ಅಂದಿದ್ದರು, ಹಾಗಾಗಿ ಒಂಬತ್ತು ವರ್ಷ ನಾಲ್ಕು ತಿಂಗಳು, ಲೆಕ್ಕಕ್ಕೆ ಒಂಬತ್ತು. ಆದರೆ ಕಾಯ್ದೆಯಲ್ಲಿ ಆರು ತಿಂಗಳು ಮೀರಿದ ಭಾಗವನ್ನು ಪೂರ್ತಿ ವರ್ಷ ಅಂತ ಎಣಿಸಬೇಕಿತ್ತು. ಹಣ ಕೊಡುವ ಬದಲು ಎರಡು ತಿಂಗಳು ಸುಮ್ಮನೆ ಪಟ್ಟಿಯಲ್ಲಿ ಇಟ್ಟುಕೊಂಡರೆ ನನ್ನ ಕೊನೆಯ ದಿನ ಸೆಪ್ಟೆಂಬರ್ 17. ಆರು ತಿಂಗಳು ದಾಟಿ ಒಂದು ವಾರ! ಹತ್ತು ವರ್ಷವಾಯಿತು, 3,75,000. ಅದಕ್ಕಿಂತ ಮುಖ್ಯವಾಗಿ, ಅಪ್ಪಯ್ಯ ಅಮ್ಮನ ಹೆಸರೂ ಇದ್ದ ಕಂಪನಿಯ ಆರೋಗ್ಯ ವಿಮೆ ಅಲ್ಲಿಯವರೆಗೆ ಉಳಿಯುತ್ತದೆ.

ಮೇಲ್ ಬರೆದೆ. ಗ್ರಾಚ್ಯುಟಿ ಬೇರೆ ತೋರಿಸಿ, ಸೆಪ್ಟೆಂಬರ್ 17ರವರೆಗೆ ಪಟ್ಟಿಯಲ್ಲಿಡಿ, ಪತ್ರದಲ್ಲಿ 'ಹುದ್ದೆ ರದ್ದಾದ ಕಾರಣ' ಅಂತ ಬರೆಯಿರಿ. ಜಗಳದ ಒಂದು ಶಬ್ದವೂ ಇಲ್ಲದ ಎಂಟು ಸಾಲಿನ ಮೇಲ್, ಅದನ್ನು ಬರೆಯಲು ನಾಲ್ಕು ಗಂಟೆ ಹಿಡಿಯಿತು. ಮೊದಲೆರಡಕ್ಕೆ ಒಪ್ಪಿದರು, ಮೂರನೆಯದಕ್ಕೆ ಇಲ್ಲ. ಆದ್ದರಿಂದ ಕಾಗದದ ಮೇಲೆ ಇವತ್ತಿಗೂ ನಾನು ವೈಯಕ್ತಿಕ ಕಾರಣಕ್ಕೆ ಕೆಲಸ ಬಿಟ್ಟವನು. ಅದು ಈಗಲೂ ಚುಚ್ಚುತ್ತದೆ. ಲೇಬರ್ ಕಮಿಷನರ್ ಹತ್ತಿರ ಹೋಗು ಅಂದ ಗೆಳೆಯರೂ ಇದ್ದರು. ಆಗ ಜಾರಿಯಲ್ಲಿದ್ದ 1947ರ ಕೈಗಾರಿಕಾ ವಿವಾದ ಕಾಯ್ದೆಯ ರಕ್ಷಣೆ 'ಕಾರ್ಮಿಕ' ಅನ್ನಿಸಿಕೊಂಡವರಿಗೆ ಮಾತ್ರ ಇತ್ತು, ಟೀಮ್ ಲೀಡ್ ಅಂತ ಹಣೆಪಟ್ಟಿ ಹಚ್ಚಿಕೊಂಡವನು ಆ ಪದದೊಳಗೆ ಹಿಡಿಯುತ್ತಾನಾ ಅನ್ನುವುದೇ ದೊಡ್ಡ ವಾದ. ವಾದ ಮಾಡುವ ತಾಕತ್ತು ಆಗ ನನ್ನಲ್ಲಿರಲಿಲ್ಲ, ಅಷ್ಟೇ. ಇದ್ದವರು ಹೋಗಲಿ, ಹೋಗಬೇಕು.

ಇನ್ನು ಊರಲ್ಲಿ ಉಳಿಯುವ ವಿಷಯ. ನಮ್ಮ ಕಡೆ ಯಾರು ಸಿಕ್ಕರೂ ಎರಡು ಪ್ರಶ್ನೆ: "ಯಾವಾಗ ಬಂದ್ಯ ಮಾರಾಯ?" "ಯಾವಾಗ ಹೋಗದು?" ಮೊದಲನೆಯದಕ್ಕೆ ಉತ್ತರ ಇದೆ. ಎರಡನೆಯದಕ್ಕೆ ಮೊದಲ ವಾರ "ಔಷಧಿ ಮುಗೀಲಿ" ಅಂದೆ, ಎರಡನೇ ವಾರ "ವರ್ಕ್ ಫ್ರಮ್ ಹೋಮ್" ಅಂದೆ. ಆಗಸ್ಟಿನಲ್ಲಿ ಮಳೆ ಪೂರಾ ಕೈಕೊಟ್ಟು ದೇಶದಲ್ಲೇ ನೂರಿಪ್ಪತ್ತು ವರ್ಷದಲ್ಲಿ ಕಾಣದಷ್ಟು ಒಣ ಆಗಸ್ಟ್ ಅದಾದಾಗ, ಊರಿಗೆ ಮಾತಾಡಲು ಬೇರೆ ವಿಷಯ ಸಿಕ್ಕಿತು ಅಂತ ಒಳಗೊಳಗೇ ಸಮಾಧಾನವಾಯಿತು. ಎಂಥ ಕೆಟ್ಟ ಸಮಾಧಾನ! ಅಂಗಡಿ ಕಟ್ಟೆಗೆ ಹೋಗುವುದು ಬಿಟ್ಟೆ. ಮನೆಯಲ್ಲಿ ಬೆಳಿಗ್ಗೆ ಒಂಬತ್ತಕ್ಕೆ ಸತ್ತ ಲ್ಯಾಪ್‌ಟಾಪ್ ಮುಂದೆ ಕೂತು ಸಂಜೆ ಆರಕ್ಕೆ ಏಳುತ್ತಿದ್ದೆ. ಮುಚ್ಚಳ ಬಾಗಿಲ ಕಡೆಗೆ, ಪರದೆ ಗೋಡೆ ಕಡೆಗೆ. ಅಮ್ಮ ಹನ್ನೊಂದಕ್ಕೆ ಕಾಫಿ ತಂದಿಟ್ಟು, ಮೀಟಿಂಗಿನಲ್ಲಿ ಇದ್ದೇನೇನೋ ಅಂತ ಬೆರಳ ತುದಿಯಲ್ಲಿ ನಡೆದು ಹೋಗುತ್ತಿದ್ದಳು. ಆ ದಿನಗಳಲ್ಲಿ ನನಗೆ ಹೆಚ್ಚು ನಾಚಿಕೆಯಾದದ್ದು ಅವಳ ಆ ನಡಿಗೆಗೆ.

ಹೇಳಲಿಕ್ಕೆ ಏನು ಕಷ್ಟವಿತ್ತು ಅಂತ ಈಗ ಕೇಳಿದರೆ ನೆಟ್ಟಗೆ ಉತ್ತರ ಬರುವುದಿಲ್ಲ. ಅಪ್ಪಯ್ಯ ಬೈಯುವವರಲ್ಲ. ಆದರೆ ಯಾರಿಗಾದರೂ ನನ್ನ ಪರಿಚಯ ಹೇಳುವಾಗ ಅವರು ನನ್ನ ಹೆಸರಿಗಿಂತ ಮೊದಲು ಕಂಪನಿಯ ಹೆಸರು ಹೇಳುತ್ತಿದ್ದರು. ಅದನ್ನು ಅವರ ಬಾಯಿಂದ ಕಿತ್ತುಕೊಳ್ಳುವುದು ಹೇಗೆ?

ಸಾಲದ ಕಂತಿನ ಲೆಕ್ಕ ಒಂದು ಕಡೆ ಓಡುತ್ತಿತ್ತು. 2022ರ ಮೇಯಿಂದ 2023ರ ಫೆಬ್ರವರಿಯೊಳಗೆ ರಿಸರ್ವ್ ಬ್ಯಾಂಕ್ ಬೇರೆ ಬ್ಯಾಂಕುಗಳಿಗೆ ಸಾಲ ಕೊಡುವ ರೆಪೋ ದರ ಶೇ. 4ರಿಂದ 6.5ಕ್ಕೆ ಏರಿತ್ತು. ಕಂತು ಏರಿಸುವ ಬದಲು ನಮ್ಮ ಸಾಲದ ಅವಧಿಯನ್ನೇ ಎಳೆದಿದ್ದರು, ಹಾಗಾಗಿ ತಿಂಗಳ ಭಾರ ಗೊತ್ತಾಗಿರಲಿಲ್ಲ. ಹೆಂಡತಿಯ ಸಂಬಳದಲ್ಲಿ ಕಂತು ಮತ್ತು ಮಗಳ ಶಾಲೆ ಹೋಗಿ ಅಕ್ಕಿ ಬೇಳೆಗೆ ಉಳಿಯುತ್ತಿತ್ತು. ಪರಿಹಾರದ ಹಣದಲ್ಲಿ ತೆರಿಗೆ ಮುರಿದುಕೊಂಡು ಕೊಟ್ಟಾಗ ಮೊದಲು ಸಿಟ್ಟು ಬಂತು, ಆಮೇಲೆ ನೋಡಿದರೆ ಅದು ಸಂಬಳದ ಹಾಗೆಯೇ ತೆರಿಗೆಗೆ ಒಳಪಟ್ಟದ್ದು. ಗ್ರಾಚ್ಯುಟಿಗೆ ಮಾತ್ರ 20 ಲಕ್ಷದವರೆಗೆ ವಿನಾಯಿತಿ. ಪಿಎಫ್‌ಗೆ ಕೈ ಹಾಕಲಿಲ್ಲ. ಆಗಿನ ನಿಯಮದಂತೆ ಕೆಲಸವಿಲ್ಲದೆ ಒಂದು ತಿಂಗಳಾದರೆ ಮುಕ್ಕಾಲು ಪಾಲು, ಎರಡು ತಿಂಗಳಾದರೆ ಉಳಿದದ್ದನ್ನೂ ತೆಗೆಯಬಹುದಿತ್ತು. ತೆಗೆಯಬಹುದು ಅನ್ನುವುದು ಗೊತ್ತಿದ್ದದ್ದೇ ಎಷ್ಟೋ ರಾತ್ರಿ ನಿದ್ದೆ ತರಿಸಿತು.

ಈ ನಡುವೆ ನನ್ನ ತಲೆಯಲ್ಲಿ ಕುಣಿಯುತ್ತಿದ್ದದ್ದು ಸೆಪ್ಟೆಂಬರ್ 17. ಅಪ್ಪಯ್ಯನ ಕಣ್ಣು ಅಷ್ಟರೊಳಗೆ ಆಗಬೇಕು. ಹೊಸದಾಗಿ ನಾವೇ ಪಾಲಿಸಿ ಮಾಡಿಸಿದರೆ ಪೊರೆಯ ಆಪರೇಷನ್ನಿಗೆ ಸಾಮಾನ್ಯವಾಗಿ ಎರಡು ವರ್ಷ ಕಾಯಬೇಕು. ಶಿವಮೊಗ್ಗದ ಆಸ್ಪತ್ರೆಯಲ್ಲಿ ತೋರಿಸಿದೆವು. ಡಾಕ್ಟರು, "ಅವಸರವೇನಿಲ್ಲ ಯಜಮಾನ್ರೇ, ದೀಪಾವಳಿ ಕಳೆದು ಬನ್ನಿ, ಒಂದಾದ ಮೇಲೆ ಒಂದು ಮಾಡೋಣ" ಅಂದುಬಿಟ್ಟರು. ಅಪ್ಪಯ್ಯನ ಮುಖ ಅರಳಿತು. ಮಳೆಗಾಲದಲ್ಲಿ ಕಣ್ಣಿಗೆ ಕೈ ಹಚ್ಚಬಾರದು ಅನ್ನುವುದು ಅವರ ಕಾಲದ ನಂಬಿಕೆ. ನಾನು "ಈ ತಿಂಗಳೇ ಆಗಲಿ" ಅಂದೆ.

"ಎಂತಕ್ಕೆ ಅಷ್ಟು ಅವಸರ?"

"ಈಗ ಮಾಡಿಸಿದ್ರೆ ಕೊಯ್ಲಿನ ಹೊತ್ತಿಗೆ ಕಣ್ಣು ಸರಿ ಇರ್ತದೆ."

ಒಪ್ಪಿದರು, ಆದರೆ ಒಂದೇ ಕಣ್ಣಿಗೆ. ಇನ್ನೊಂದು ಕೊಯ್ಲು ಮುಗಿದ ಮೇಲೆ ಅಂತ ಹಟ. ನಾನು ಎದುರು ಹೇಳಲು ಹೋದರೆ ನಿಜ ಹೇಳಬೇಕಾಗುತ್ತಿತ್ತು. ಸುಮ್ಮನಾದೆ.

ಆಗಸ್ಟ್ 30ಕ್ಕೆ ಬಲಗಣ್ಣು. ಇಪ್ಪತ್ತು ನಿಮಿಷದ ಕೆಲಸ, ಸಂಜೆಗೆ ಬಿಟ್ಟರು. ಪಟ್ಟಿ ಬಿಚ್ಚಲು ಮರುದಿನ ಬರಬೇಕು ಅಂತ ರಾತ್ರಿ ಚಿಕ್ಕಮ್ಮನ ಮನೆಯಲ್ಲಿ ಉಳಿದೆವು. ಮರುದಿನ, ಆಗಸ್ಟ್ 31ರಂದು, ಸೋಗಾನೆಯ ಹೊಸ ವಿಮಾನ ನಿಲ್ದಾಣಕ್ಕೆ ಬೆಂಗಳೂರಿನಿಂದ ಮೊದಲ ಪ್ರಯಾಣಿಕರ ವಿಮಾನ ಬರುವುದಿತ್ತು. ಆಸ್ಪತ್ರೆಯ ತುಂಬ ಅದೇ ಮಾತು. ಪಟ್ಟಿ ಬಿಚ್ಚಿಸಿಕೊಂಡ ಅಪ್ಪಯ್ಯ ಕಿಟಕಿಯ ಆಚೆ ಆಕಾಶ ನೋಡುತ್ತಾ, "ನೀಲಿ ಇಷ್ಟು ನೀಲಿ ಇತ್ತಾ" ಅಂದರು. ನಾನು ಇನ್ಶೂರೆನ್ಸ್ ಕೌಂಟರಿನಲ್ಲಿ ಬಿಲ್ಲಿಗೆ ಸಹಿ ಹಾಕುತ್ತಿದ್ದೆ. ಅಲ್ಲಿನ ಹುಡುಗಿ ಒಳ್ಳೆಯವಳು, ಗಟ್ಟಿ ದನಿಯವಳು. "ಸರ್, ಇನ್ನೊಂದು ಕಣ್ಣು ಮಾಡ್ಸದಾದ್ರೆ 17ನೇ ತಾರೀಕಿನೊಳಗೆ ಬನ್ನಿ. ಕಂಪನಿಯಿಂದ ನಿಮ್ಮ ಕವರೇಜ್ ಅಲ್ಲಿಗೆ ಮುಗೀತದೆ ಅಂತ ತೋರಿಸ್ತಿದೆ. ಕೆಲ್ಸ ಬಿಟ್ರಾ ಸರ್?"

ತಿರುಗಿ ನೋಡಿದೆ. ಅಪ್ಪಯ್ಯ ಕಪ್ಪು ಕನ್ನಡಕ ಹಾಕಿಕೊಂಡು ಆಕಾಶವನ್ನೇ ನೋಡುತ್ತಿದ್ದರು. ಕಿವಿಗೆ ಅವರಿಗೆ ಪೊರೆ ಬಂದಿರಲಿಲ್ಲ.

ಕಾರು ಗಾಜನೂರು ದಾಟಿತು. ಆನೆ ಬಿಡಾರದ ಸಕ್ರೆಬೈಲು ದಾಟಿತು. ಆನೆಗಳು ಹೊಳೆಯಲ್ಲಿ ಇದ್ದವೋ ಇಲ್ಲವೋ, ನಾನು ರಸ್ತೆ ಬಿಟ್ಟು ಬೇರೆ ಕಡೆ ನೋಡಲಿಲ್ಲ.

"ಕೆಲ್ಸ ಹೋಯ್ತಾ?"

"ಹ್ಞೂಂ."

"ಯಾವಾಗ?"

"ಔಷಧಿ ಹೊಡ್ಸಿದ ವಾರ."

ಮಂಡಗದ್ದೆ ಬರುವವರೆಗೆ ಮಾತಿಲ್ಲ. ಹಕ್ಕಿಗಳು ನೋಡಲು ಸಿಗುವ ಆ ತಿರುವಿನಲ್ಲಿ ಕಾಫಿಗೆ ಅಂತ ನಿಲ್ಲಿಸಿದೆ. ಲೋಟ ಕೈಗೆ ಕೊಟ್ಟರೆ ಅದನ್ನು ಹಿಡಿದುಕೊಂಡೇ, "ಮೊದ್ಲೇ ಹೇಳಿದ್ರೆ ಎರಡೂ ಕಣ್ಣು ಮಾಡ್ಸ್ಕಣ್ತಿದ್ನಲಾ ಮಾರಾಯ!" ಅಂದರು. ಅವರಿಗೆ ನಿಜವಾಗಿಯೂ ಬೇಜಾರಾಗಿತ್ತು, ಅದೂ ಕಣ್ಣಿನ ವಿಷಯಕ್ಕೆ. ಒಂದು ಕಣ್ಣಿಗೂ ಇನ್ನೊಂದಕ್ಕೂ ನಾಲ್ಕು ವಾರವಾದರೂ ಬಿಡಿ ಅಂದಿದ್ದರು ಡಾಕ್ಟರು. ಬೆರಳೆಣಿಸಿದರು. ಸೆಪ್ಟೆಂಬರ್ ಕೊನೆಯಾಗುತ್ತಿತ್ತು. ಜುಲೈಯಲ್ಲೇ ಹೇಳಿದ್ದರೆ ಎರಡೂ ಆಗಿಹೋಗುತ್ತಿತ್ತು.

ಮನೆಗೆ ಬಂದು ಅಮ್ಮನಿಗೆ ಅವರೇ ಹೇಳಿದರು. ಅಮ್ಮ "ಹಂಗಾರೆ ಇಷ್ಟು ದಿನ ಯಾರ ಹತ್ರ ಮೀಟಿಂಗ್ ಮಾಡ್ತಿದ್ದೆ?" ಅಂದಳು, ನಕ್ಕಳು, ಬಚ್ಚಲಿಗೆ ಹೋಗಿ ಸುಮಾರು ಹೊತ್ತು ಬರಲಿಲ್ಲ.

ಊರಿಗೆ ಹೇಳಿದವರೂ ಅಪ್ಪಯ್ಯನೇ. ಚೌತಿಯ ಹೊತ್ತಿಗೆ ಎಲ್ಲರಿಗೂ ಗೊತ್ತಿತ್ತು. ಅಯ್ಯೋ ಪಾಪ ಅಂದವರು ನಾಲ್ಕೈದು ಜನ ಇರಬಹುದು. ಉಳಿದವರು ಪಹಣಿ, ಆಧಾರ್, ಮೊಬೈಲ್ ಹಿಡಿದುಕೊಂಡು ಬಂದರು. ಕಿಸಾನ್ ಸಮ್ಮಾನ್ ಇ-ಕೆವೈಸಿ ಮಾಡಿಕೊಡು, ಬೆಳೆ ವಿಮೆ ಬಂದಿದೆಯಾ ನೋಡು, ಗ್ಯಾಸ್ ಸಬ್ಸಿಡಿ ಯಾವ ಖಾತೆಗೆ ಹೋಗಿದೆ. ಒಟಿಪಿ ಬರುವುದು ನೇರಳೆ ಮರದ ಬುಡದಲ್ಲಿ ಮಾತ್ರ, ಹಾಗಾಗಿ ವಾರಕ್ಕೆರಡು ದಿನ ನನ್ನ ಆಫೀಸ್ ಅಲ್ಲೇ. ಒಂಬತ್ತು ವರ್ಷ ಯಾರು ಬಳಸುತ್ತಾರೆಂದು ತಿಳಿಯದ ಸಾಫ್ಟ್‌ವೇರ್ ಪರೀಕ್ಷೆ ಮಾಡಿದವನಿಗೆ, ಎದುರಿಗೇ ಕೂತು "ಎಂತ ಬಂತು, ಎಂತ ಬಂತು" ಅಂತ ಕೇಳುವ ಬಳಕೆದಾರರು ಸಿಕ್ಕಿದರು. ಸಂಭಾವನೆಯಾಗಿ ಸೌತೆಕಾಯಿ, ಜೇನು, ಒಂದು ಸಲ ಹಲಸಿನ ಹಪ್ಪಳ.

ಕೆಲಸ ಹುಡುಕುವುದು ಬೇಗ ಹೇಳಿ ಮುಗಿಸುತ್ತೇನೆ, ಅದರಲ್ಲಿ ರುಚಿಯಿಲ್ಲ. ಲಿಂಕ್ಡ್‌ಇನ್ನಿನಲ್ಲಿ ಫೋಟೋ ಸುತ್ತ, ಕೆಲಸ ಹುಡುಕುತ್ತಿದ್ದೇನೆ ಅನ್ನುವ ಹಸಿರು ಪಟ್ಟಿ ಹಾಕಿಕೊಳ್ಳಲು ಒಂದು ತಿಂಗಳು ಬೇಕಾಯಿತು. ಹಾಕಿದ ಮೇಲೆ ಹಳೆಯ ಸಹೋದ್ಯೋಗಿಗಳು ಮೂವರು ತಾವಾಗಿ ರೆಫರ್ ಮಾಡಿದರು. ಕಳಿಸಿದ ಅರ್ಜಿ ನೂರರ ಮೇಲೆ, ಸಂದರ್ಶನ ಹನ್ನೊಂದು. ನನಗೆ ಬರುತ್ತಿದ್ದದ್ದು ಜಾವಾ, ಸೆಲೆನಿಯಂ. ಎಲ್ಲರೂ ಕೇಳುತ್ತಿದ್ದದ್ದು ಪ್ಲೇರೈಟ್ ಅನ್ನುವ ಹೊಸ ಟೆಸ್ಟಿಂಗ್ ಟೂಲ್. ಒಂದೇ ಕಂಪನಿಯಲ್ಲಿ ಒಂಬತ್ತು ವರ್ಷ ಕೂತರೆ ಹೊರಗೆ ಯಾವ ಗಾಳಿ ಬೀಸುತ್ತಿದೆ ಅನ್ನುವುದೇ ಗೊತ್ತಾಗುವುದಿಲ್ಲ. ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ತಂದು ಕಲಿಯಲು ಕೂತೆ. ಪ್ಲೇರೈಟ್ ಹಾಕಿದರೆ ಅದಕ್ಕೆ ಬೇಕಾದ ಬ್ರೌಸರುಗಳನ್ನೂ ಇಳಿಸಿಕೊಳ್ಳಬೇಕು. ನಮ್ಮ ಮನೆಯಲ್ಲಿ ಅದಕ್ಕೆ ಒಂದು ರಾತ್ರಿ ಪೂರ್ತಿ ಹಿಡಿಯಿತು.

ಅಷ್ಟೊತ್ತಿಗೆ ಕೊಯ್ಲು ಶುರು. ಹಗಲು ಅಡಿಕೆ ಗೊನೆ ಕೊಯ್ಯುವ ಕೊನೆಗಾರ ಮರದಿಂದ ಮರಕ್ಕೆ ದಾಟುವುದನ್ನು ಕತ್ತೆತ್ತಿ ನೋಡುತ್ತಾ ಕೊನೆ ಹೊರುವುದು, ರಾತ್ರಿ ಅಂಗಳದಲ್ಲಿ ಸುಲಿಯುವುದು. ಮಷಿನ್ ಇದ್ದರೂ ಅಪ್ಪಯ್ಯನಿಗೆ ಕೈಯಲ್ಲಿ ಸುಲಿದದ್ದೇ ಬೇಕು. ಹಸಿ ಅಡಿಕೆಯ ಚೊಗರು ಬೆರಳಿಗೆ ಹತ್ತಿದರೆ ಸೋಪಿಗೂ ಹೋಗುವುದಿಲ್ಲ, ಲಿಂಬೆಹುಳಿಗೂ ಹೋಗುವುದಿಲ್ಲ. ನವೆಂಬರಿನಲ್ಲಿ ಒಂದು ಸಂದರ್ಶನ, ವಿಡಿಯೋದಲ್ಲಿ. ತೀರ್ಥಹಳ್ಳಿಯ ಲಾಡ್ಜೊಂದರಲ್ಲಿ ಅರ್ಧ ದಿನಕ್ಕೆ ರೂಮು ಹಿಡಿದು, ಇಸ್ತ್ರಿ ಅಂಗಿ ಹಾಕಿ ಕೂತಿದ್ದೆ. ಏನನ್ನೋ ವಿವರಿಸುತ್ತಾ ಕೈ ಎತ್ತಿದಾಗ ಆಚೆಯವರು ಮಾತು ನಿಲ್ಲಿಸಿ, "ನಿಮ್ಮ ಬೆರಳಿಗೆ ಏನಾಗಿದೆ?" ಅಂದರು. ಹತ್ತೂ ಬೆರಳು ತುದಿಯಲ್ಲಿ ಕಪ್ಪು. ಅಡಿಕೆ ಅಂದೆ. ಅವರು ಸಾಗರದ ಕಡೆಯವರಂತೆ. "ಈ ಸಲ ಎಲೆಚುಕ್ಕಿ ರೋಗ ಹೇಗಿದೆ ನಿಮ್ಮಲ್ಲಿ?" ಅಂತ ಕನ್ನಡಕ್ಕೆ ಬಂದರು. ಐದು ನಿಮಿಷ ಅದೇ ಮಾತು. ಆ ಕೆಲಸ ಸಿಗಲಿಲ್ಲ. ಆದರೂ ಆ ಹನ್ನೊಂದರಲ್ಲಿ ನಾನು ನಡುಗದೆ ಮಾತಾಡಿದ ಮೊದಲ ಸಂದರ್ಶನ ಅದು.

ಸಿಕ್ಕಿದ್ದು ಫೆಬ್ರವರಿಯಲ್ಲಿ. ಚಿಕ್ಕ ಕಂಪನಿ, ಬೆಂಗಳೂರು, ವಾರಕ್ಕೆ ಮೂರು ದಿನ ಆಫೀಸು, ಸಂಬಳ ಮೊದಲಿಗಿಂತ ಐದನೇ ಒಂದು ಭಾಗ ಕಡಿಮೆ. ಎರಡು ದಿನ ಬೇಕೋ ಬೇಡವೋ ಅಂತ ತೂಗಿದೆ, ಹೆಂಡತಿ ಕಂತಿನ ಪುಸ್ತಕ ತೋರಿಸಿದಳು, ಹೂಂ ಅಂದೆ. ಅಪ್ಪಯ್ಯನಿಗೆ ಅವತ್ತೇ ಫೋನ್ ಮಾಡಿದೆ. ಕಂಪನಿಯ ಹೆಸರು ಕೇಳುತ್ತಾರೆ ಅಂದುಕೊಂಡಿದ್ದೆ.

"ಇನ್ಶೂರೆನ್ಸ್ ಯಾವತ್ತಿಂದ?"

"ಸೇರಿದ ದಿನದಿಂದ್ಲೇ. ಮಾರ್ಚ್ 4. ನಿಮ್ಮಿಬ್ಬರ ಹೆಸ್ರೂ ಹಾಕ್ಸಿದೀನಿ, ಪ್ರೀಮಿಯಂ ಸಂಬಳದಲ್ಲಿ ಮುರ್ಕೊಳ್ತಾರೆ."

"ಹಂಗಾರೆ ಶಿವರಾತ್ರಿ ಕಳೆದ ಮರುವಾರವೇ ಶಿವಮೊಗ್ಗಕ್ಕೆ ಹೋಪದು. ಡಾಕ್ಟ್ರಿಗೆ ನಾನೇ ಫೋನ್ ಮಾಡಿ ಆಯ್ತು."

ಎಡಗಣ್ಣಿನ ಪಟ್ಟಿ ಬಿಚ್ಚಿದ ದಿನ ನನಗೆ ರಜೆ ಸಿಗಲಿಲ್ಲ, ಚಿಕ್ಕಮ್ಮನ ಮಗ ಕರೆದುಕೊಂಡು ಹೋದ. ಸಂಜೆ ಅವನ ಫೋನಿನಿಂದ ಒಂದು ಫೋಟೋ ಬಂತು. ಸೋಗಾನೆ ವಿಮಾನ ನಿಲ್ದಾಣದ ಬೇಲಿಯ ಹೊರಗೆ, ಕಪ್ಪು ಕನ್ನಡಕ ಹಣೆಯ ಮೇಲೆ ಏರಿಸಿಕೊಂಡು, ಅಪ್ಪಯ್ಯ ಮೇಲೆ ನೋಡುತ್ತಿದ್ದಾರೆ.